ಶೂನ್ಯಸಿದ್ಧಿಪ್ರಕಾಶಿಕೆ ಅಥವಾ ಎಂವಿಎಸ್ 3.8 ಕಲಿಯುವವನ ಲಕ್ಷಣಮೀಮಾಂಸೆ

ಯಾವುದೇ ಶಾಸ್ತ್ರಗ್ರಂಥ ಶುರುವಾಗುವ ಮುಂಚೆ ನಾಲ್ಕು ಸಂಗತಿ ಇತ್ಯರ್ಥವಾಗಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಅವೆರಡಕ್ಕೂ ಸಂಬಂಧವೇನು, ಓದುವುದಕ್ಕೆ ಅಧಿಕಾರಿ ಯಾರು. ನಮ್ಮ ವಿಷಯ, ಒಂದಾನೊಂದು ಕಾಲದಲ್ಲಿ ಐಬಿಎಂ ಮೇನ್‌ಫ್ರೇಮುಗಳನ್ನು ಆಳಿದ ಎಂವಿಎಸ್ 3.8 ಎಂಬ ಆಪರೇಟಿಂಗ್ ಸಿಸ್ಟಮನ್ನು ಈಗ ಯಾರ ಬಲವಂತವೂ ಇಲ್ಲದೆ, ಬರೀ ಖುಷಿಗಾಗಿ ಕಲಿಯುವುದು. ಪ್ರಯೋಜನ ಇಲ್ಲ. ಪ್ರಯೋಜನವೇ ಇಲ್ಲದ ಮೇಲೆ ಸಂಬಂಧದ ಚರ್ಚೆಗೆ ಎಡೆಯಿಲ್ಲ. ಹೀಗೆ ನಾಲ್ಕರಲ್ಲಿ ಎರಡು ತಾವಾಗಿಯೇ ಬಗೆಹರಿದವು. ಇಷ್ಟು ಸಲೀಸಾಗಿ ಆರಂಭವಾದ ಶಾಸ್ತ್ರ ಇನ್ನೊಂದಿಲ್ಲ.

ಉಳಿದವನು ಅಧಿಕಾರಿ. ಇವನನ್ನು ಸಾಧಕನೆಂದು ಕರೆಯೋಣ. ಸಾಧಕಿಯರೂ ಉಂಟು, ಪುಲ್ಲಿಂಗವನ್ನು ಪ್ರತ್ಯಯದ ಸೋಮಾರಿತನವೆಂದು ತಿಳಿಯತಕ್ಕದ್ದು. ಇವನಲ್ಲಿ ಒಂದು ಲ್ಯಾಪ್‌ಟಾಪ್ ಇರಬೇಕು, ಹಳೆಯದಾದಷ್ಟೂ ಶ್ರೇಷ್ಠ. ರಾತ್ರಿ ಊಟವಾದ ಮೇಲೆ ಟಿವಿ ಮುಂದೆ ಕೂರದಷ್ಟು ವೈರಾಗ್ಯ ಬೇಕು. ಒಂದರಿಂದ 71ರವರೆಗೆ ತಪ್ಪಿಲ್ಲದೆ ಎಣಿಸಲು ಬರಬೇಕು. ಯಾಕೆ 71 ಎಂಬುದು ಮುಂದೆ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಮರೆಯುವುದಿಲ್ಲ. ‘ಇದರಿಂದ ಏನುಪಯೋಗ?’ ಎಂದು ಯಾರಾದರೂ ಕೇಳಿದರೆ ಸಿಟ್ಟೂ ಆಗದೆ, ಉತ್ತರವನ್ನೂ ಕೊಡದೆ, ನೀರು ಕುಡಿಯುವ ನೆಪದಲ್ಲಿ ಎದ್ದುಹೋಗುವ ಅಭ್ಯಾಸ ಇರಬೇಕು. ಸಂಬಳಕ್ಕಾಗಿ ಇದೇ ವಿದ್ಯೆಯನ್ನು ಕಲಿತವರಿಗೆ ಈ ಗ್ರಂಥದಲ್ಲಿ ಅಧಿಕಾರವಿಲ್ಲ. ಅವರಿಗೆ ಫಲಾಪೇಕ್ಷೆ ಇದೆ, ಮೇಲಾಗಿ ಭವಿಷ್ಯನಿಧಿಯೂ ಇದೆ.

ಶಾಸ್ತ್ರದ ಉಗಮ ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದೀತೀರದ ಪೌಕೀಪ್ಸಿ ಎಂಬ ಊರಿನಲ್ಲಿ. ನದೀತೀರವಿಲ್ಲದೆ ಶಾಸ್ತ್ರ ಹುಟ್ಟುವುದುಂಟೆ? 1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಂ/360 ಎಂಬ ಯಂತ್ರಕುಲವನ್ನು ಘೋಷಿಸಿತು. ಅದನ್ನು ನಡೆಸಬೇಕಾದ ಓಎಸ್/360 ಮಾತ್ರ ಹೇಳಿದ ಕಾಲಕ್ಕೆ ಬರಲಿಲ್ಲ. ಅದರ ಉಸ್ತುವಾರಿ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ ಆ ಅನುಭವವನ್ನೇ ಬಂಡವಾಳ ಮಾಡಿಕೊಂಡು 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಬರೆದು, ತಡವಾದ ತಂತ್ರಾಂಶಕ್ಕೆ ಇನ್ನಷ್ಟು ಆಳು ಹಾಕಿದರೆ ಇನ್ನಷ್ಟು ತಡವಾಗುತ್ತದೆಂದು ಸಾಧಿಸಿದರು. ಅದೇ ವಂಶದಲ್ಲಿ 1974ರಲ್ಲಿ ಎಂವಿಎಸ್ ಹುಟ್ಟಿತು. 3.8 ಅದರ ಕೊನೆಯ ನಿಶ್ಶುಲ್ಕ ಅವತಾರ. ಆಮೇಲಿನವಕ್ಕೆಲ್ಲ ಪರವಾನಗಿ, ಬಾಡಿಗೆ, ವಕೀಲರು. ಇದರಲ್ಲಿ ಒಬ್ಬೊಬ್ಬ ಬಳಕೆದಾರನಿಗೂ 16 ಮೆಗಾಬೈಟ್ ವಿಳಾಸಾವಕಾಶ ಉಂಟು. ಸಾಧಕನ ಫೋನಿಗೆ ಬೆಳಗ್ಗೆ ನಾಲ್ಕು ಗುಡ್‌ಮಾರ್ನಿಂಗ್ ವಿಡಿಯೊ ಬಂದರೆ ಅಷ್ಟೂ ತುಂಬಿತು.

ಭಾರತಕ್ಕೆ ಈ ಪರಂಪರೆ ಪೂರ್ತಿ ಇಳಿಯುವ ಮುಂಚೆಯೇ, ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಷರತ್ತಿಗೆ ಒಪ್ಪದೆ ಐಬಿಎಂ 1978ರಲ್ಲಿ ಗಂಟುಮೂಟೆ ಕಟ್ಟಿತು. ಆದಕಾರಣ ನಮ್ಮ ಬಹುಪಾಲು ಸಾಧಕರಿಗೆ ಮೇನ್‌ಫ್ರೇಮಿನ ಸ್ವಂತ ನೆನಪುಗಳಿಲ್ಲ. ಇರುವುದು 2000ನೇ ಇಸವಿಯ ಎರಡಂಕಿ ಗಂಡಾಂತರದ ಸುಮಾರಿಗೆ ಬೆಂಗಳೂರಿನ ಹುಡುಗರು ಅಮೆರಿಕದ ಬ್ಯಾಂಕುಗಳ ಕೋಬಾಲ್ ತಿದ್ದಿ ಸೈಟು ಕೊಂಡ ಕಥೆಗಳು. ಅಂಥ ಸಾಧಕರ ಪುಣ್ಯಕ್ಕೆ 1999ರಲ್ಲಿ ರೋಜರ್ ಬೌಲರ್ ಎಂಬವರು ಹರ್ಕ್ಯುಲಿಸ್ ಎಂಬ ಎಮ್ಯುಲೇಟರನ್ನು ಹೊರತಂದರು. ಹಜಾರ ತುಂಬುತ್ತಿದ್ದ ಯಂತ್ರ, ಅದರ ಡಿಸ್ಕು, ಟೇಪು, ಕಾರ್ಡ್ ರೀಡರು, ಪ್ರಿಂಟರು ಸಮಸ್ತವೂ ಲ್ಯಾಪ್‌ಟಾಪಿನೊಳಗೆ ಫೈಲುಗಳಾಗಿ ಕೂತವು.

ಇನ್ನು ಪ್ರಯೋಗಕಾಂಡ. ಮೊದಲು ಐಪಿಎಲ್, ಎಂದರೆ ಯಂತ್ರವನ್ನು ಎಬ್ಬಿಸುವ ವಿಧಿ. ಕನ್ಸೋಲಿನಲ್ಲಿ ಒಂದಷ್ಟು ಸಾಲು ಹರಿದು, 03.8ನೇ ಬಿಡುಗಡೆಗೆ ಸಿಸ್ಟಂ ಪ್ಯಾರಾಮೀಟರುಗಳನ್ನು ತಿಳಿಸತಕ್ಕದ್ದೆಂಬ ಸಂದೇಶ ಬಂದು ಎಲ್ಲವೂ ನಿಲ್ಲುತ್ತದೆ. ಅಂದಿನ ಆಪರೇಟರು ಇದಕ್ಕೆ ‘ಆರ್ 0,ಸಿಎಲ್‌ಪಿಎ’ ಎಂದು ಉತ್ತರಿಸುತ್ತಿದ್ದ. ಇಂದಿನ ಸಿದ್ಧ ಕಟ್ಟುಗಳಲ್ಲಿ ಉತ್ತರ ತಾನಾಗಿಯೇ ಹೋಗುತ್ತದೆ. ಮಡಿವಂತರು ಇದನ್ನು ಒಪ್ಪುವುದಿಲ್ಲ. ಸ್ವಯಂಚಾಲನೆಯನ್ನು ಕಿತ್ತುಹಾಕಿ, ಕೈಯಾರೆ ಉತ್ತರ ಕೊಟ್ಟು, ಅದೇ ಸಾಲುಗಳು ಅದೇ ಕ್ರಮದಲ್ಲಿ ಬಂದದ್ದನ್ನು ನೋಡಿ ಧನ್ಯರಾಗುತ್ತಾರೆ.

ಆಮೇಲೆ 3270 ಟರ್ಮಿನಲ್. 24 ಸಾಲು, ಸಾಲಿಗೆ 80 ಅಂಕಣ. ಲಾಗಾನ್ ಆದರೆ ‘ರೆಡಿ’ ಎಂಬ ಒಂದೇ ಪದ. ಯಾವುದಕ್ಕೆ ರೆಡಿ ಎಂಬುದನ್ನು ಯಂತ್ರ ಹೇಳುವುದಿಲ್ಲ, ಸಾಧಕನಿಗೂ ಗೊತ್ತಿಲ್ಲ. ಬರೆಯಬಾರದ ಜಾಗದಲ್ಲಿ ಒಂದಕ್ಷರ ಒತ್ತಿದರೆ ಕೀಲಿಮಣೆಗೆ ಬೀಗ. ಪರದೆಯ ಕೆಳಗಡೆ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ಎರಡೂ ಕಡೆಗೆ ಬಾಣವಿರುವ ಪುಟ್ಟ ಮನುಷ್ಯನ ಚಿತ್ರ ಮೂಡುತ್ತದೆ: ಇಲ್ಲಿ ಬೇಡ, ಬೇರೆಲ್ಲಾದರೂ ಹೋಗು ಎಂದು ತಾತ್ಪರ್ಯ. ರೀಸೆಟ್ ಕೀಲಿ ಒತ್ತಿದರೆ ಶಾಪವಿಮೋಚನೆ. ಆದರೆ ಈಗಿನ ಲ್ಯಾಪ್‌ಟಾಪಿನಲ್ಲಿ ರೀಸೆಟ್ ಕೀಲಿ ಎಂಬುದು ಇಲ್ಲ. ಬೇರಾವುದೋ ಕೀಲಿಗೆ ಆ ಅಧಿಕಾರವನ್ನು ವಹಿಸಿರುತ್ತಾರೆ. ಯಾವುದಕ್ಕೆಂದು ತಿಳಿಯುವವರೆಗಿನ ಅವಧಿಗೆ ಬ್ರಹ್ಮಚರ್ಯಾಶ್ರಮವೆಂದು ಹೆಸರು.

ಶಾಸ್ತ್ರದ ತಿರುಳಿರುವುದು ಜೆಸಿಎಲ್ಲಿನಲ್ಲಿ. ಯಂತ್ರಕ್ಕೆ ಕೆಲಸ ಒಪ್ಪಿಸುವ ಅರ್ಜಿ ಇದು. ‘ಹೇಳದ್ದನ್ನು ಊಹಿಸದು, ಹೇಳಿದ್ದನ್ನು ಕ್ಷಮಿಸದು’ ಎಂಬುದು ಮೂಲಸೂತ್ರ. ಅರ್ಜಿಯನ್ನು ರಂಧ್ರ ಕೊರೆದ ಕಾರ್ಡುಗಳಲ್ಲಿ ಸಲ್ಲಿಸುತ್ತಿದ್ದ ಕಾಲದ ವ್ಯಾಕರಣವಾದ್ದರಿಂದ, ಕಾರ್ಡು ಹೋದರೂ ಅದರ 80 ಅಂಕಣ ಹೋಗಿಲ್ಲ. ಮೊದಲ ಎರಡರಲ್ಲಿ ಓರೆಗೆರೆ. ಮೂರನೆಯದರಿಂದ ಹೆಸರು, ಹೆಸರು ಎಂಟಕ್ಷರ ಮೀರಕೂಡದು. ಮಾತು 71ಕ್ಕೆ ಮುಗಿಯಬೇಕು. 73ರಿಂದ 80ರವರೆಗೆ ಕಾರ್ಡಿನ ಕ್ರಮಸಂಖ್ಯೆ: ಕಟ್ಟು ಕೈಜಾರಿ ನೆಲಕ್ಕೆ ಚೆಲ್ಲಿದರೆ ಮತ್ತೆ ಜೋಡಿಸಲಿಕ್ಕೆ. ಫೈಲು ಕೈಜಾರಿ ಬೀಳದ ಈ ಯುಗದಲ್ಲೂ ಆ ಎಂಟು ಅಂಕಣ ಹಾಗೆಯೇ ಮೀಸಲು. ಮೀಸಲಾತಿ ಒಮ್ಮೆ ಕೊಟ್ಟರೆ ಹಿಂಪಡೆಯುವುದು ಯಾವ ಸರಕಾರಕ್ಕೂ ಸುಲಭವಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಅಲ್ಪವಿರಾಮ ಪ್ರಕರಣ. ಅಲ್ಪವಿರಾಮದ ನಂತರ ಒಂದಕ್ಷರದಷ್ಟು ಜಾಗ ಬಿಡಬೇಕೆಂದು ಸಾಧಕನಿಗೆ ಮೂರನೇ ತರಗತಿಯ ಮೇಷ್ಟ್ರು ಬೆತ್ತದ ಸಮೇತ ಕಲಿಸಿರುತ್ತಾರೆ. ಜೆಸಿಎಲ್ಲಿನಲ್ಲಿ ಹಾಗೆ ಜಾಗ ಬಿಟ್ಟರೆ, ಅದರಾಚೆ ಇರುವುದೆಲ್ಲ ಟಿಪ್ಪಣಿಯೆಂದು ಯಂತ್ರ ಭಾವಿಸಿ ಮುಂದಿನ ಕಾರ್ಡಿಗಾಗಿ ಕಾಯುತ್ತದೆ. ಮುಂದಿನ ಕಾರ್ಡು ಬೇರೇನೋ ಆಗಿದ್ದರೆ, ಬರಬೇಕಾದ ಮುಂದುವರಿಕೆ ಬರಲಿಲ್ಲವೆಂದು ಷರಾ ಬರೆದು ಅರ್ಜಿ ವಾಪಸು ಮಾಡುತ್ತದೆ. ಮುಂದುವರಿಕೆಯಾದರೂ 4ರಿಂದ 16ನೇ ಅಂಕಣದೊಳಗೇ ಶುರುವಾಗಬೇಕು. 17ರಲ್ಲಿ ಶುರುಮಾಡಿದವನು ಏಕಾದಶಿಯ ದಿನ ಉಂಡವನಿಗೆ ಸಮ.

ಡಿಸ್ಕಿನಲ್ಲಿ ಜಾಗ ಕೇಳುವ ರೀತಿಯೂ ಹೀಗೆಯೇ. ಫೈಲು ಬೆಳೆದಂತೆ ಜಾಗ ತಾನಾಗಿ ಒದಗುತ್ತದೆಂಬ ಆಧುನಿಕ ಭ್ರಮೆ ಇಲ್ಲಿ ಸಲ್ಲದು. ಮದುವೆಮನೆಯ ಅಡುಗೆ ಭಟ್ಟರ ಮುಂದೆ ಎಷ್ಟು ಎಲೆ ಎಂದು ಹೇಳುವಂತೆ ಮೊದಲೇ ಹೇಳಬೇಕು: ಐದು ಟ್ರ್ಯಾಕು, ಸಾಲದಿದ್ದರೆ ಎರಡೆರಡರಂತೆ ಇನ್ನಷ್ಟು. ಒಂದು ಡಿಸ್ಕಿನಲ್ಲಿ ಒಂದು ಫೈಲಿಗೆ ಒಟ್ಟು 16 ತುಂಡು. ಅದಾದ ಮೇಲೆ ಅಂಗಲಾಚಿದರೂ ಇಲ್ಲ. ಇನ್ನು ಲೈಬ್ರರಿ ಮಾದರಿಯ ಫೈಲಿನಿಂದ ಒಬ್ಬ ಸದಸ್ಯನನ್ನು ಅಳಿಸಿದರೆ ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ, ಅವನು ಕೂತಿದ್ದ ಜಾಗ ತೆರವಾಗುವುದಿಲ್ಲ. ತೆರವು ಮಾಡಿಸಲು ಐಇಬಿಕಾಪಿ ಎಂಬ ಬೇರೊಂದು ಪ್ರೋಗ್ರಾಮಿಗೆ ಬೇರೊಂದು ಅರ್ಜಿ. ನಿವೃತ್ತರ ಕ್ವಾರ್ಟರ್ಸ್ ಖಾಲಿ ಮಾಡಿಸಿದ ಅನುಭವವಿರುವ ಸರಕಾರಿ ನೌಕರರು ಈ ಅಧ್ಯಾಯವನ್ನು ಬೇಗ ಗ್ರಹಿಸುತ್ತಾರೆ.

ಇಲ್ಲಿ ಪೂರ್ವಪಕ್ಷ. ಸಾಧಕನ ಅಕ್ಕನ ಮಗ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಇದೇ ಕೆಲಸದಲ್ಲಿದ್ದಾನೆ. ಅವನ ಆಕ್ಷೇಪ: ‘ಮಾವ, ಇದೇ ಜೆಸಿಎಲ್ಲನ್ನ ನಾನು ಸಂಬಳ ತಗೊಂಡು ಬರೀತೀನಿ. ನೀವು ಕರೆಂಟ್ ಬಿಲ್ ಕಟ್ಕೊಂಡು ಬರೀತಿದೀರಲ್ಲ!’

ಸಿದ್ಧಾಂತ: ಪೂರ್ವಪಕ್ಷಿ ಬರೆಯುತ್ತಾನೆಂಬುದೇ ಅಸಿದ್ಧ. ಅವನು ಹಿಂದಿನವನದನ್ನು ನಕಲಿಸಿ ಹೆಸರು ಬದಲಾಯಿಸುತ್ತಾನೆ. ಆ ಹಿಂದಿನವನೂ ಹಾಗೆಯೇ ಮಾಡಿದ್ದ. ಪ್ರಪಂಚದಲ್ಲಿ ಜೆಸಿಎಲ್ಲನ್ನು ಖಾಲಿ ಹಾಳೆಯಿಂದ ಬರೆದವನು ಒಬ್ಬನೇ, ಉಳಿದವರೆಲ್ಲ ಅದರ ಪ್ರತಿ ತೆಗೆದವರು ಎಂಬುದು ಆ ವೃತ್ತಿಯವರಲ್ಲೇ ಪ್ರಚಲಿತವಿರುವ ಐತಿಹ್ಯ. ನಮ್ಮ ಸಾಧಕನಿಗೆ ನಕಲಿಸಲು ಹಿಂದಿನವನಿಲ್ಲ. ಆದ್ದರಿಂದ ಅವನು ಎರಡನೆಯವನು.

ಇದೇ ಪೂರ್ವಪಕ್ಷಿ ಒಂದು ರಾತ್ರಿ ಫೋನು ಮಾಡಿ, ದನಿ ತಗ್ಗಿಸಿ, ‘ಮಾವ, ಕಾಂಡ್ ಈಕ್ವಲ್ಸ್ 4 ಕಾಮಾ ಎಲ್‌ಟಿ ಅಂತಿದ್ರೆ ಸ್ಟೆಪ್ ಓಡುತ್ತಾ, ಓಡಲ್ವಾ?’ ಎಂದು ಕೇಳಿದ್ದನ್ನು ಗ್ರಂಥದಲ್ಲಿ ದಾಖಲಿಸದಿರಲು ಮನಸ್ಸು ಬರುವುದಿಲ್ಲ. ಪ್ರಶ್ನೆ ಸಾಧುವಾದದ್ದೇ. ಎಲ್‌ಟಿ ಎಂದರೆ ‘ಕಡಿಮೆ’ ಎಂದು ಶಾಲೆಗೆ ಹೋದ ಯಾರಾದರೂ ಹೇಳುತ್ತಾರೆ. ಹಿಂದಿನ ಸ್ಟೆಪ್ಪಿನ, ಎಂದರೆ ಅರ್ಜಿಯ ಹಿಂದಿನ ಹಂತದ, ಫಲಸಂಖ್ಯೆ 4ಕ್ಕಿಂತ ಕಡಿಮೆಯಿದ್ದರೆ ಇದನ್ನು ನಡೆಸು ಎಂದು ಅರ್ಥಮಾಡುತ್ತಾರೆ. ಶಾಸ್ತ್ರಾರ್ಥ ಬೇರೆ: 4 ಎಂಬುದು ಹಿಂದಿನ ಯಾವುದಾದರೂ ಸ್ಟೆಪ್ಪಿನ ಫಲಸಂಖ್ಯೆಗಿಂತ ಕಡಿಮೆಯಿದ್ದರೆ ಇದನ್ನು ನಡೆಸಬೇಡ. ಹೋಲಿಕೆಯೂ ತಿರುಗುಮುರುಗು, ಆಜ್ಞೆಯೂ ತಿರುಗುಮುರುಗು. ಎರಡು ತಿರುವು ಸೇರಿ ನೆಟ್ಟಗಾಗಬೇಕಿತ್ತು; ಆಗಿಲ್ಲ. ಯಾಕೆ ಹೀಗೆಂದು ಕೇಳುವುದು ಬಲದಿಂದ ಎಡಕ್ಕೆ ಬರೆಯುವ ಲಿಪಿಯನ್ನು ಯಾಕೆ ಹಾಗೆಂದು ಕೇಳಿದಂತಾಗುತ್ತದೆ. ಇದನ್ನು ಉರು ಹೊಡೆಯಬೇಕು, ಬೇರೆ ಮಾರ್ಗವಿಲ್ಲ.

ಈಗ ಐಇಎಫ್‌ಬಿಆರ್14 ಎಂಬ ರಹಸ್ಯಾಧ್ಯಾಯ. ಇದು ಏನೂ ಮಾಡದ ಪ್ರೋಗ್ರಾಂ. ಅಲಂಕಾರಕ್ಕೆ ಹೇಳಿದ್ದಲ್ಲ, ಇದರ ಕೆಲಸವೇ ಏನೂ ಮಾಡದಿರುವುದು. ಅಗತ್ಯ ಹೀಗೆ ಬಿತ್ತು: ಹೊಸ ಫೈಲು ಸೃಷ್ಟಿಸುವುದು, ಹಳೆಯದನ್ನು ಅಳಿಸುವುದು ಮುಂತಾದವನ್ನು ಅರ್ಜಿಯಲ್ಲಿ ಫೈಲಿನ ವಿವರ ಹೇಳುವ ಡಿಡಿ ಕಾರ್ಡನ್ನು ಓದಿ ಸಿಸ್ಟಮ್ಮೇ ಮಾಡಿಬಿಡುತ್ತದೆ. ಆದರೆ ಯಾವುದಾದರೂ ಒಂದು ಪ್ರೋಗ್ರಾಮನ್ನು ನಡೆಸುವ ಸ್ಟೆಪ್ ಇಲ್ಲದೆ ಡಿಡಿ ಕಾರ್ಡಿಗೆ ಮಾನ್ಯತೆಯಿಲ್ಲ. ಹಾಗಾಗಿ ನೆಪಕ್ಕೊಂದು ಪ್ರೋಗ್ರಾಂ ಬೇಕಾಯಿತು. ಕರೆದವನ ಬಳಿಗೆ ಮರಳುವ ವಿಳಾಸ 14ನೇ ರಿಜಿಸ್ಟರಿನಲ್ಲಿರುತ್ತದೆ. ಅಲ್ಲಿಗೆ ಜಿಗಿ ಎಂಬ ಒಂದೇ ಆದೇಶ ಬರೆದರು. ಎರಡು ಬೈಟು. ಬಂದ, ಹೋದ.

ಅದರಲ್ಲೂ ತಪ್ಪಿತ್ತು. ಪ್ರೋಗ್ರಾಂ ಮುಗಿದಾಗ ಅದರ ಫಲಸಂಖ್ಯೆಯನ್ನು ಸಿಸ್ಟಂ 15ನೇ ರಿಜಿಸ್ಟರಿನಲ್ಲಿ ಹುಡುಕುತ್ತದೆ. ಶುರುವಿನಲ್ಲಿ ಆ ರಿಜಿಸ್ಟರಿನಲ್ಲಿ ಇರುವುದು ಪ್ರೋಗ್ರಾಮಿನ ಸ್ವಂತ ವಿಳಾಸ. ಏನೂ ಮಾಡಬಾರದೆಂದು ವ್ರತ ತೊಟ್ಟ ಪ್ರೋಗ್ರಾಂ ಅದನ್ನು ಮುಟ್ಟಲಿಲ್ಲ. ಪರಿಣಾಮವಾಗಿ ಯಾವುದೋ ಅಡ್ಡಾದಿಡ್ಡಿ ಸಂಖ್ಯೆ ಫಲವಾಗಿ ದಾಖಲಾಗಿ, ಏನೂ ಮಾಡದ ಪ್ರೋಗ್ರಾಂ ಏನನ್ನೋ ಕೆಡಿಸಿತೆಂದು ಮುಂದಿನ ಸ್ಟೆಪ್ಪುಗಳು ಕಾಂಡ್ ಪ್ರಕಾರ ನಿಂತವು. ತಿದ್ದುಪಡಿಯಾಗಿ 15ನೇ ರಿಜಿಸ್ಟರಿನಿಂದ ಅದನ್ನೇ ಕಳೆದು ಸೊನ್ನೆ ಮಾಡುವ ಇನ್ನೊಂದು ಆದೇಶ ಸೇರಿತು. ಪ್ರೋಗ್ರಾಂ ನಾಲ್ಕು ಬೈಟಾಯಿತು; ಒಂದೇ ತಿದ್ದುಪಡಿಗೆ ಗಾತ್ರ ಇಮ್ಮಡಿ.

ಇಲ್ಲಿಂದ ವಿದ್ವಾಂಸರಲ್ಲಿ ಎರಡು ಪಂಥ. ದ್ವಿಬೈಟಿಗಳ ವಾದ: ಸೊನ್ನೆ ಮಾಡುವುದೂ ಒಂದು ಮಾಡುವಿಕೆಯೇ, ಆದ್ದರಿಂದ ತಿದ್ದಿದ ಪ್ರೋಗ್ರಾಂ ಏನೂ ಮಾಡದ ಪ್ರೋಗ್ರಾಂ ಅಲ್ಲ, ವ್ರತಭಂಗವಾಗಿದೆ. ಚತುರ್ಬೈಟಿಗಳ ಪ್ರತಿವಾದ: ಏನೂ ಮಾಡದೆ ಬಂದವನು ಏನೂ ಮಾಡಲಿಲ್ಲವೆಂದು ರುಜು ಹಾಕಿ ಹೋಗಬೇಕು, ರುಜುವಿಲ್ಲದ ಅಕರ್ಮ ಕಚೇರಿಯಲ್ಲಿ ಸಲ್ಲದು. ಗ್ರಂಥಕರ್ತನ ಒಲವು ಚತುರ್ಬೈಟಿಗಳ ಕಡೆಗೆ. ಇಂದಿನ ಮೇನ್‌ಫ್ರೇಮುಗಳಲ್ಲೂ ಐಇಎಫ್‌ಬಿಆರ್14 ಸೇವೆಯಲ್ಲಿದೆ. ಏನೂ ಮಾಡದೆ ಇಷ್ಟು ದಶಕ ಹುದ್ದೆಯಲ್ಲಿ ಉಳಿಯುವುದು ರುಜು ಹಾಕದವರಿಂದ ಆಗುವ ಮಾತಲ್ಲ.

ವ್ಯಾಧಿಪ್ರಕರಣವನ್ನು, ಎಂದರೆ ಕೆಲಸ ಅರ್ಧಕ್ಕೆ ಕೆಟ್ಟಾಗ ಯಂತ್ರ ಕೊಡುವ ಸಂಕೇತಗಳನ್ನು, ಸಂಕ್ಷೇಪಿಸುತ್ತೇವೆ. ಅಂಕಿ ಇರಬೇಕಾದಲ್ಲಿ ಇನ್ನೇನೋ ಇದ್ದರೆ 0ಸಿ7. ತನ್ನದಲ್ಲದ ನೆನಪಿನ ಜಾಗಕ್ಕೆ ಕೈಹಾಕಿದರೆ 0ಸಿ4. ಕರೆದ ಪ್ರೋಗ್ರಾಂ ಊರಲ್ಲೇ ಇಲ್ಲದಿದ್ದರೆ 806. ಶೇಕಡಾವಾರು ಹೇಳುವಂತಿಲ್ಲ, ಆದರೆ ಹೆಚ್ಚಿನ ಸಲ ಹೆಸರಿನ ಕಾಗುಣಿತವೇ ಕಾರಣ. ಕೊಟ್ಟ ಸಮಯ ಮೀರಿದರೆ 322. ಜಾಗ ಮುಗಿದರೆ ಬಿ37. ಆಪರೇಟರೇ ಬೇಸತ್ತು ಕೆಲಸವನ್ನು ರದ್ದು ಮಾಡಿದರೆ 222. ಸಾಧಕನ ಮನೆಯಲ್ಲಿ ಆಪರೇಟರೂ ಅವನೇ, ಗ್ರಾಹಕನೂ ಅವನೇ ಆದಕಾರಣ 222 ಬಂದಾಗ ಯಾರು ಯಾರ ಮೇಲೆ ದೂರು ಕೊಡಬೇಕೆಂಬ ತೊಡಕಿದೆ.

ಇವೆಲ್ಲವನ್ನೂ ದಾಟಿದವನಿಗೆ ಪ್ರಿಂಟರಿನ ಫೈಲಿನಲ್ಲಿ ವರದಿ ಬರುತ್ತದೆ. ಮೊದಲ ಪುಟದ ತುಂಬ ಜಾಬಿನ ಹೆಸರು, ಚಿಕ್ಕ ಅಕ್ಷರಗಳನ್ನೇ ಇಟ್ಟಿಗೆಯಂತೆ ಜೋಡಿಸಿ ಕಟ್ಟಿದ ದೈತ್ಯ ಅಕ್ಷರಗಳಲ್ಲಿ. ಆಮೇಲೆ ಅವನೇ ಬರೆದ ಮೂರು ಸಾಲು, ನಂಬರು ಹಾಕಿಸಿಕೊಂಡು. ಆಮೇಲೆ ಯಾವ ಡಿಸ್ಕು, ಯಾವ ಫೈಲು, ಇಟ್ಟದ್ದೋ ತೆಗೆದದ್ದೋ ಎಂಬ ಪಂಚನಾಮೆ. ನಡುವೆಲ್ಲೋ ಆ ಸಾಲು: ಸ್ಟೆಪ್ ನಡೆಯಿತು, ಕಂಡೀಷನ್ ಕೋಡ್ 0000. ಇದೇ ಸಿದ್ಧಿ. ಬೇರೆ ಪರೀಕ್ಷೆಗಳಲ್ಲಿ ಒಂದು ಸೊನ್ನೆಗೆ ಅಪ್ಪನಿಂದ ಒದೆ; ಇಲ್ಲಿ ನಾಲ್ಕು ಸೊನ್ನೆಗೆ ಮನೆಮಂದಿಯನ್ನೆಲ್ಲ ಕರೆದು ತೋರಿಸುವ ಉಮೇದು. ಕರೆದರೆ ಯಾರೂ ಬರುವುದಿಲ್ಲ ಎಂಬುದು ಅನುಭವಸಿದ್ಧ.

ಫಲಶ್ರುತಿ. ಈ ಪ್ರಕಾಶಿಕೆಯನ್ನು ರಾತ್ರಿ ಊಟದ ನಂತರ ಪಠಿಸುವವನ ಕಾರ್ಡುಗಳು 71ನ್ನು ಮೀರವು. ಅವನ ಅಲ್ಪವಿರಾಮದ ಬೆನ್ನಿಗೆ ಖಾಲಿ ಜಾಗ ಬೀಳದು. 806 ಅವನ ಹೊಸ್ತಿಲು ತುಳಿಯದು. ಆದರೆ ಪಠಣ ಮುಗಿದ ಮೇಲೆ ಉದ್ಯಾಪನೆ ಕಡ್ಡಾಯ: ಮೊದಲು ಕೆಲಸಗಳೆಲ್ಲ ಮುಗಿದಿವೆಯೆಂದು ಖಾತ್ರಿ ಮಾಡಿಕೊಂಡು ಜಾಬುಗಳ ಸರದಿ ನೋಡಿಕೊಳ್ಳುವ ಜೆಇಎಸ್2ಅನ್ನು ನಿಲ್ಲಿಸುವ ಆಜ್ಞೆ, ಆಮೇಲೆ ಕನ್ಸೋಲಿನಲ್ಲಿ ‘ಝಡ್ ಇಓಡಿ’, ಕಡೆಗೆ ಯಂತ್ರ. ಈ ಕ್ರಮ ಬಿಟ್ಟು ಸುಮ್ಮನೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಮಲಗಿದವನು ಮಾರನೆಯ ರಾತ್ರಿ ಜೆಇಎಸ್2ಅನ್ನು ಕೋಲ್ಡ್ ಸ್ಟಾರ್ಟ್ ಮಾಡಬೇಕಾಗಿ ಬರಬಹುದು. ಆಗ ಸರದಿಯಲ್ಲಿ ಕಾದಿದ್ದ ಜಾಬುಗಳೆಲ್ಲ ಅಳಿಸಿಹೋಗುತ್ತವೆ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡದ ಜಾಬುಗಳೇ ಆದ್ದರಿಂದ ನಷ್ಟವೆಷ್ಟೆಂದು ಲೆಕ್ಕ ಹಾಕುವ ಬಗೆಯಲ್ಲಿ ದ್ವಿಬೈಟಿಗಳಿಗೂ ಚತುರ್ಬೈಟಿಗಳಿಗೂ ಇನ್ನೂ ರಾಜಿಯಾಗಿಲ್ಲ.