ಹಾರ, ಪೇಟ, ಕಾಲುಚೀಲ

ಮೇಷ್ಟ್ರ ಕೆಲಸದಿಂದ ನಿವೃತ್ತನಾದವನಿಗೆ ಊರು ಎರಡು ಕೆಲಸ ಹಚ್ಚುತ್ತದೆ. ಒಂದು, ಲಗ್ನಪತ್ರಿಕೆಯ ಕಾಗುಣಿತ ತಿದ್ದುವುದು. ಇನ್ನೊಂದು, ತೀರ್ಪುಗಾರನಾಗಿ ಕೂರುವುದು. ರಂಗೋಲಿ, ಭಾವಗೀತೆ, ಛದ್ಮವೇಷ ಎಲ್ಲಕ್ಕೂ ತೀರ್ಪು ಕೊಟ್ಟು, ಸೋತ ಮಕ್ಕಳ ತಾಯಂದಿರ ಶಾಪವನ್ನು ನಾನು ಬೇಕಾದಷ್ಟು ಸಂಪಾದಿಸಿದ್ದೇನೆ. ಹೀಗಿರುವಾಗ ಒಂದು ಸಂಜೆ ನಮ್ಮ ಶ್ರವಣಬೆಳಗೊಳದ ಒಂದು ಸಂಘದವರು ನಾಲ್ಕು ಜನ ಮನೆಗೆ ಬಂದರು. ಊರಿನ ಅತ್ಯುತ್ತಮ ಸಣ್ಣ ವ್ಯಾಪಾರಿಗೆ ಪ್ರಶಸ್ತಿ ಕೊಡುತ್ತಾರಂತೆ, ಆಯ್ಕೆ ಸಮಿತಿಗೆ ನಾನೇ ಅಧ್ಯಕ್ಷನಾಗಬೇಕಂತೆ.

“ನಾನೇ ಯಾಕಪ್ಪ?” ಅಂದೆ.

“ನಿಮಗೆ ವ್ಯಾಪಾರದ ಗಂಧಗಾಳಿ ಇಲ್ಲ ಮೇಷ್ಟ್ರೆ. ಅದಕ್ಕೇ ಪಕ್ಷಪಾತ ಇರಲ್ಲ.”

ಕಾಫಿ ತಂದಿಟ್ಟ ನನ್ನಾಕೆ, “ಅದೊಂದು ನಿಜ. ಹಾಸನಕ್ಕೆ ಹೋದಾಗ ಆಲೂಗಡ್ಡೆ ತನ್ನಿ ಅಂದ್ರೆ, ಇಲ್ಲಿಗಿಂತ ಕೇಜಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು ತಂದವರು” ಎಂದು ನನ್ನ ನೇಮಕಾತಿಗೆ ಅನುಮೋದನೆ ಕೊಟ್ಟಳು.

ಮೊದಲ ಸಭೆ ಹೋಟೆಲಿನಲ್ಲಿ ನಡೆಯಿತು. ಮಸಾಲೆ ದೋಸೆ ಬರುವವರೆಗೆ ಎಲ್ಲರೂ ಒಮ್ಮತದಿಂದಿದ್ದೆವು. ಆಮೇಲೆ ‘ಸಣ್ಣ’ ಎಂದರೆ ಎಷ್ಟು ಸಣ್ಣ ಎಂಬ ಪ್ರಶ್ನೆ ಎದ್ದಿತು. ಕಾರ್ಯದರ್ಶಿ ಮೊಬೈಲು ತೆಗೆದು ಕೇಂದ್ರ ಸರ್ಕಾರದ ಲೆಕ್ಕ ಓದಿದರು. 2025ರ ಏಪ್ರಿಲ್ 1ರಿಂದ ಅದು ಬದಲಾಗಿದೆಯಂತೆ. ಹೂಡಿಕೆ 25 ಕೋಟಿ, ವರ್ಷದ ವಹಿವಾಟು 100 ಕೋಟಿ ದಾಟದಿದ್ದರೆ ‘ಸಣ್ಣ’ ಉದ್ಯಮ. ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ‘ಸೂಕ್ಷ್ಮ’. ದೋಸೆ ಮುರಿಯುತ್ತಿದ್ದ ಕೈಗಳು ನಿಂತವು. ನಮ್ಮೂರಿನ ಅಂಗಡಿಗಳನ್ನೆಲ್ಲ ಒಟ್ಟಿಗೆ ಕಟ್ಟಿ ತೂಗಿದರೂ ಸಣ್ಣ ಎನಿಸಿಕೊಳ್ಳುವಷ್ಟು ದೊಡ್ಡದಾಗುವುದು ಅನುಮಾನ. ಜೈನ ಶಾಸ್ತ್ರದಲ್ಲಿ ಸೂಕ್ಷ್ಮ ನಿಗೋದ ಜೀವಿಗಳೆಂದು ಬರುತ್ತವೆ. ಲೋಕವೆಲ್ಲ ತುಂಬಿಕೊಂಡಿರುತ್ತವೆ, ಕಣ್ಣಿಗೆ ಮಾತ್ರ ಕಾಣವು. ನಮ್ಮ ಕಡಲೆಕಾಯಿಯವರು, ಎಳನೀರಿನವರು, ಕಾಲುಚೀಲದವರು ಆ ವರ್ಗಕ್ಕೆ ಸೇರಬಹುದು ಎಂದೆ. ಯಾರೂ ನಗಲಿಲ್ಲ. ಬಿಲ್ಲು ನನ್ನ ಕಡೆ ಸರಿಯಿತು.

ಬಹುಮಾನದ ಮಾತೂ ಬಂತು. ರಾಜ್ಯೋತ್ಸವ ಪ್ರಶಸ್ತಿಗೆ ಸರ್ಕಾರ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಕೊಡುತ್ತದೆ. 2023ರಲ್ಲಿ 68ನೆಯ ರಾಜ್ಯೋತ್ಸವವೆಂದು 68 ಜನಕ್ಕೆ ಕೊಟ್ಟಿತು. ನಮ್ಮ ಖಜಾಂಚಿ ಬೆರಳು ಮಡಿಸಿ ಎಣಿಸಿ, ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಮೈಸೂರು ಪೇಟ ಅಂದರು. ಪೇಟ ಮಾತ್ರ ವಾಪಸ್ ಕೊಡಬೇಕು.

ಸಮಿತಿಯಲ್ಲಿದ್ದ ಬೇಕರಿ ಮಾಲೀಕರು ಈ ವಿಷಯದಲ್ಲಿ ಅನುಭವಸ್ಥರು. ಅವರಿಗೊಮ್ಮೆ ಎಲ್ಲಿಂದಲೋ ಫೋನು ಬಂದಿತ್ತಂತೆ. ನಿಮ್ಮ ಬೇಕರಿ ‘ಏಷ್ಯಾದ ಅತ್ಯುತ್ತಮ ಉದಯೋನ್ಮುಖ ಬೇಕರಿ’ ಎಂದು ಆಯ್ಕೆಯಾಗಿದೆ, ಸಮಾರಂಭ ಫೈವ್ ಸ್ಟಾರ್ ಹೋಟೆಲಿನಲ್ಲಿ, ನೋಂದಣಿ ಶುಲ್ಕ ಇಷ್ಟು, ಜಿಎಸ್‌ಟಿ ಪ್ರತ್ಯೇಕ. ಇವರು ಯೋಚಿಸಿ, “ಏಷ್ಯಾ ನನಗೆ ಬ್ಯಾಡ ಕಣಮ್ಮ. ನನ್ನ ಗಿರಾಕಿ ಎಲ್ಲ ಚನ್ನರಾಯಪಟ್ಟಣ ತಾಲ್ಲೂಕಿನವರು. ತಾಲ್ಲೂಕಿಗೆ ಬೆಸ್ಟು ಅಂತ ಕೊಟ್ರೆ ಎಷ್ಟಾಗುತ್ತೆ?” ಎಂದು ಕೇಳಿದರು. ಆ ಕಡೆಯ ಹುಡುಗಿ ತನ್ನ ಮೇಲಿನವರನ್ನು ವಿಚಾರಿಸಿ ಬಂದು, “ಸರ್, ಏಷ್ಯಾಗೂ ತಾಲ್ಲೂಕಿಗೂ ರೇಟು ಒಂದೇ” ಅಂದಳಂತೆ. ಹಾಗಾದರೆ ಏಷ್ಯಾನೇ ತಗೊಳ್ಳೋಣ ಎಂದು ಅರ್ಧ ಮನಸ್ಸಾಗಿತ್ತು, ಹೆಂಡತಿ ಬಿಡಲಿಲ್ಲ ಎಂದು ಈಗಲೂ ಪೇಚಾಡುತ್ತಾರೆ.

ಅಭ್ಯರ್ಥಿಗಳನ್ನು ನೋಡಲು ನಾವು ದೊಡ್ಡಬೆಟ್ಟದ ಬುಡಕ್ಕೆ ಹೋದೆವು. ಮೊದಲು ಸಿಕ್ಕವರು ಡೋಲಿಯವರು. ಆರುನೂರು ಚಿಲ್ಲರೆ ಮೆಟ್ಟಿಲು ಹತ್ತಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವವರು. “ನಿಮ್ಮ ವ್ಯವಹಾರ ಮೇಲಕ್ಕೆ ಹೋಗ್ತಾ ಇದೆಯಾ?” ಎಂದು ಕಾರ್ಯದರ್ಶಿ ಫಾರಂ ನೋಡಿಕೊಂಡು ಕೇಳಿದರು. ಬೆವರು ಒರೆಸಿಕೊಳ್ಳುತ್ತಿದ್ದ ಹಿರಿಯ, “ದಿನಾ ಮೇಲಕ್ಕೆ ಹೋಯ್ತದೆ ಸಾ. ಸಾಯಂಕಾಲಕ್ಕೆ ಕೆಳಕ್ಕೆ ಬತ್ತದೆ” ಅಂದ. ಇದು ವ್ಯಾಪಾರವೋ ಕೂಲಿಯೋ ಎಂಬ ಚರ್ಚೆಯಲ್ಲಿ ಅವರ ಹೆಸರು ಬಿದ್ದುಹೋಯಿತು. ನನಗೆ ಈಗಲೂ ಅದು ಸರಿಯೆನಿಸಿಲ್ಲ. ಗಿರಾಕಿಯನ್ನು ಇಷ್ಟು ತಲೆ ಮೇಲೆ ಹೊತ್ತುಕೊಂಡು ಮೆರೆಸುವ ವ್ಯಾಪಾರ ಇನ್ನೊಂದಿದೆಯೆ?

ಆಮೇಲೆ ಕಾಲುಚೀಲದಕ್ಕ. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಡಬೇಕು. ಬಿಸಿಲೇರಿದ ಮೇಲೆ ಬಂಡೆ ಕಾದ ಹೆಂಚು. ಅಕ್ಕ ಒಂದು ದೊಡ್ಡ ಛತ್ರಿಯ ಕೆಳಗೆ ಗೋಣಿಚೀಲ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಸಿ, ಬಣ್ಣಬಣ್ಣದ ಕಾಲುಚೀಲಗಳನ್ನು ಜೊತೆ ಮಾಡಿ ಮಡಿಸಿ ಸಾಲಾಗಿ ಇಟ್ಟಿದ್ದಳು. ಸೆರಗಿನ ತುದಿಯಲ್ಲಿ ಚಿಲ್ಲರೆ, ಛತ್ರಿಯ ಕೋಲಿಗೆ ಕ್ಯೂಆರ್ ಕೋಡಿನ ರಟ್ಟು.

“ಸಂಸ್ಥೆಯ ಹೆಸರು?” ಕಾರ್ಯದರ್ಶಿ ಶುರುಮಾಡಿದರು.

“ಯಾವ ಸಮಸ್ಥೆ?”

“ಅಂಗಡಿ ಹೆಸರಕ್ಕ.”

“ಅಂಗಡಿ ಎಲ್ಲದೆ? ಛತ್ರಿ ಅಲ್ವಾ ಇದು?” ಛತ್ರಿಯ ಮೇಲೆ ಯಾವುದೋ ಮೊಬೈಲ್ ಕಂಪನಿಯ ಹೆಸರಿತ್ತು. ಕಾರ್ಯದರ್ಶಿ ಅದನ್ನೇ ಬರೆಯಲು ಹೊರಟರು, ನಾನು ತಡೆದೆ.

“ಸ್ಥಾಪನೆಯಾದ ವರ್ಷ?”

“ಹ್ವಾದ ಮಸ್ತಕಾಭಿಸೇಕದಲ್ಲಿ ಕಡ್ಲೆಕಾಯಿ ಮಾರ್ತಿದ್ದೆ. ಅದು ಮುಗುದ್ ಮ್ಯಾಲೆ.” ನಮ್ಮೂರಿನ ಪಂಚಾಂಗವೇ ಹಾಗೆ. ಮಗಳ ಮದುವೆ 2006ರ ಅಭಿಷೇಕಕ್ಕೆ ಮುಂಚೆ, ಮನೆಗೆ ಶೀಟು ಹಾಕಿಸಿದ್ದು 2018ರದಾದ ಮೇಲೆ. ನಡುವಿನ ವರ್ಷಗಳಿಗೆ ನಂಬರಿಲ್ಲ.

“ನೌಕರರ ಸಂಖ್ಯೆ?”

“ನಾನು, ಸೊಸೆ. ಸ್ಕೂಲ್ ರಜ ಇದ್ರೆ ಮೊಮ್ಮಗ. ಅವ್ನು ಬಂದ್ ದಿನ ಲಾಸು. ದುಡಿದಿದ್ದಕ್ಕಿಂತ ಐಸ್‌ಕ್ಯಾಂಡಿಗೇ ಜಾಸ್ತಿ ಆಯ್ತದೆ.”

“ಪ್ರಚಾರ ಹೇಗೆ ಮಾಡ್ತೀಯ?”

“ನಾನ್ಯಾಕ್ ಮಾಡ್ಲಿ? ಬ್ಯಾಡ ಅನ್ಕಂಡು ಹೋಯ್ತಾರೆ. ಹತ್ತು ಮೆಟ್ಲು ಹತ್ತುತಾರೆ. ಕುಣ್ಕಂಡು ವಾಪಸ್ ಬತ್ತಾರೆ. ಬಂಡೆನೇ ಕಳುಸ್ತದೆ.”

“ವಾಪಸ್ ಬಂದವರಿಗೆ ರೇಟು ಜಾಸ್ತಿ ಮಾಡ್ತೀಯಾ?” ಬೇಕರಿಯವರು ಸ್ವಂತ ಆಸಕ್ತಿಯಿಂದ ಕೇಳಿದರು.

ಅಕ್ಕ ಅವರನ್ನು ಒಂದು ಥರ ನೋಡಿದಳು. “ಸುಟ್ ಕಾಲಿಗೆ ರೇಟ್ ಏರ್ಸೋಕಾಯ್ತದಾ? ಆಗ್ಲೂ ಮೂವತ್ತೇ.”

ಕೊನೆಯ ಕಲಮು, ವ್ಯವಹಾರದಲ್ಲಿ ಎದುರಿಸಿದ ಬಹುದೊಡ್ಡ ಸವಾಲು. ಅಕ್ಕ ಒಂದೇ ಮಾತಿನಲ್ಲಿ ಹೇಳಿದಳು: “ಮೋಡ.”

ಫಾರಮ್ಮಿನಲ್ಲಿ ನಾಲ್ಕು ಗೆರೆ ಜಾಗ ಬಿಟ್ಟಿದ್ದರು. ಮೂರೂಮುಕ್ಕಾಲು ಗೆರೆ ಖಾಲಿ ಉಳಿಯಿತು. ಅಕ್ಕನೇ ಆಯ್ಕೆಯಾದಳು.

ಅಭಿನಂದನಾ ಪತ್ರಕ್ಕೆ “ಸ್ವಲ್ಪ ಇತಿಹಾಸ ಸೇರಿಸಿ ಮೇಷ್ಟ್ರೆ” ಅಂದರು. ನನ್ನಂಥವನಿಗೆ ಇದನ್ನು ಹೇಳಬಾರದಿತ್ತು. ವ್ಯಾಪಾರಿಗಳಿಗೆ ಬಿರುದು ಕೊಡುವುದು ನಮ್ಮೂರಿಗೆ ಹೊಸದಲ್ಲ. ಚಿಕ್ಕಬೆಟ್ಟದ ಮೇಲೆ ತೇರಿನ ಬಸದಿ ಇದೆಯಲ್ಲ, ಅದು 1117ರದು. ವಿಷ್ಣುವರ್ಧನನ ಕಾಲದಲ್ಲಿ ರಾಜಶ್ರೇಷ್ಠಿಗಳಾಗಿದ್ದ ಪೊಯ್ಸಳ ಸೆಟ್ಟಿ ಮತ್ತು ನೇಮಿ ಸೆಟ್ಟಿ ಎಂಬ ವರ್ತಕರ ತಾಯಂದಿರಾದ ಮಾಚಿಕಬ್ಬೆ, ಶಾಂತಿಕಬ್ಬೆ ಅದನ್ನು ಕಟ್ಟಿಸಿದರು. ಬಿರುದು ಮಕ್ಕಳಿಗೆ, ಖರ್ಚು ತಾಯಂದಿರಿಗೆ. ಊರೊಳಗಿನ ನಗರ ಜಿನಾಲಯ ಎರಡನೆಯ ಬಲ್ಲಾಳನ ಕಾಲದ ನಾಗದೇವ ಕಟ್ಟಿಸಿದ್ದು, ಅವನು ಪಟ್ಟಣಸ್ವಾಮಿ. ಇಲ್ಲಿ ‘ನಗರ’ ಎಂದರೆ ವರ್ತಕರ ಕೂಟ. ಅಂದರೆ ನಮ್ಮ ಸಂಘದ ಪೂರ್ವಜ. ಅವರು ಫ್ಲೆಕ್ಸ್ ಹಾಕಿಸದೆ ಕಲ್ಲಿನ ಗುಡಿಯನ್ನೇ ನಡೆಸಿಕೊಂಡು ಬಂದರು ಎಂಬಷ್ಟೇ ವ್ಯತ್ಯಾಸ.

ಇನ್ನು ದೊಡ್ಡಬೆಟ್ಟದ ತ್ಯಾಗದ ಕಂಬ. ಚಾಗದ ಕಂಬ ಅಂತಲೂ ಹೇಳುತ್ತಾರೆ. ಗಂಗರ ಮಂತ್ರಿ ಚಾವುಂಡರಾಯ ಯೋಗ್ಯರಿಗೆ ದಾನ ಕೊಡುತ್ತಿದ್ದುದು ಅಲ್ಲೇ ಎಂದು ಪ್ರತೀತಿ. ಊರಿನ ಮೊದಲ ಪ್ರಶಸ್ತಿ ಪ್ರದಾನ ವೇದಿಕೆ ಎನ್ನಿ. ಆತನಿಗೇ ಸಮರ ಪರಶುರಾಮ, ವೀರ ಮಾರ್ತಾಂಡ, ರಣರಂಗ ಸಿಂಗ ಅಂತ ಉದ್ದುದ್ದ ಬಿರುದುಗಳಿದ್ದವು. ಅವನ ಪ್ರಶಸ್ತಿಯನ್ನು ಆ ಕಂಬದ ಸುತ್ತ ಕೆತ್ತಿದ್ದರು. ಇನ್ನೂರು ವರ್ಷ ಕಳೆದ ಮೇಲೆ, ಸುಮಾರು 1200ರ ಹೊತ್ತಿಗೆ, ಹೆಗ್ಗಡೆ ಕಣ್ಣ ಎಂಬಾತ ಕಂಬದ ಮೇಲೆ ಯಕ್ಷನ ವಿಗ್ರಹ ಮಾಡಿಸಿದ. ಮಾಡಿಸಿದವನಿಗೆ ಹೆಸರು ಹಾಕಿಸಬೇಕೆನಿಸಿತು. ಜಾಗ ಎಲ್ಲಿದೆ? ಚಾವುಂಡರಾಯನ ಶಾಸನವನ್ನು ಮೂರು ಮುಖದಲ್ಲಿ ಕೆರೆಸಿ ಹಾಕಿದ. ಕೆರೆಸಿ ಬರೆಸಿದ್ದು ಎಷ್ಟು? ಎರಡೂವರೆ ಸಾಲು! ಇಷ್ಟುದ್ದದ ಗೋಡೆ ಸುಣ್ಣ ಹೊಡೆಸಿ ಮೂಲೆಯಲ್ಲಿ ‘ಜಾಹೀರಾತು ಅಂಟಿಸಬಾರದು’ ಅಂತ ಬರೆದ ಹಾಗೆ. ಗೊಮ್ಮಟನನ್ನು 981ರಲ್ಲಿ ನಿಲ್ಲಿಸಿದವನ ಸ್ವಂತ ಕಥೆ, ಅವನೇ ಬರೆಸಿದ್ದು, ನಮಗೆ ಒಂದು ಮುಖದಷ್ಟು ಮಾತ್ರ ಉಳಿದಿದೆ.

ಇದನ್ನೆಲ್ಲ ಸೇರಿಸಿ ನಾಲ್ಕು ಪುಟದ ಅಭಿನಂದನಾ ಪತ್ರ ಬರೆದುಕೊಟ್ಟೆ. ಫ್ರೇಮಿನ ಅಂಗಡಿಯವನು ಎ4 ಒಂದೇ ಹಾಳೆ ಅಂದ. ನನ್ನ ಹೊಯ್ಸಳರನ್ನೂ ಗಂಗರನ್ನೂ ಕೆರೆದು ಹಾಕಿ, ಕಾರ್ಯದರ್ಶಿಯವರು ಎರಡೂವರೆ ಸಾಲು ಉಳಿಸಿಕೊಂಡರು.

ಕಾರ್ಯಕ್ರಮ ಭಾನುವಾರ ಬೆಳಿಗ್ಗೆ 11ಕ್ಕೆ. ಭಾನುವಾರವಾದರೆ ಜನ ಬರುತ್ತಾರೆ ಎಂದು ಸಂಘದ ಲೆಕ್ಕ. ಜನ ಬಂದಿದ್ದರು, ಬೆಟ್ಟಕ್ಕೆ. ಅಕ್ಕ ಹಿಂದಿನ ದಿನವೇ ನನ್ನ ಮನೆಗೆ ಬಂದು, “ವಾರದ ಯಾಪಾರ ಎಲ್ಲ ಅವತ್ತೇ ಆಗೋದು ಮೇಷ್ಟ್ರೆ. ಮಂಗ್ಳವಾರ ಮಾಡ್ಕಳಿ. ಇಲ್ದಿದ್ರೆ ಆ ಕಡೆ ಬರೋರು ಯಾರಾರಾ ಛತ್ರಿ ತಾವ ಕೊಟ್ಟು ಹೋಗ್ಲಿ” ಎಂದು ಬೇಡಿಕೊಂಡಿದ್ದಳು. ಪ್ರಶಸ್ತಿಯನ್ನು ಹಾಲಿನ ಪ್ಯಾಕೆಟ್ಟಿನ ಹಾಗೆ ಮನೆಬಾಗಿಲಿಗೆ ಹಾಕುವ ಪದ್ಧತಿ ಇಲ್ಲ ಎಂದು ನಾನು ತಿಳಿಸಿ ಹೇಳಿದೆ.

ಹೇಳಿದ ಹೊತ್ತಿಗೆ ಬಂದವಳು ಅವಳೊಬ್ಬಳೇ. ಹೊಸ ಸೀರೆ, ಕೈಯಲ್ಲಿ ಚೀಲ. ಮುಖ್ಯ ಅತಿಥಿಗಳು ಹೊರಟಿದ್ದಾರೆ ಎಂದು ಗಂಟೆಗೊಮ್ಮೆ ಮೈಕಿನಲ್ಲಿ ಘೋಷಣೆಯಾಯಿತು. 12 ಗಂಟೆಗೆ ಹೊರಗೆ ಎರಡು ಟೂರಿಸ್ಟ್ ಬಸ್ಸಿನ ಹಾರ್ನ್ ಕೇಳಿತು. ತಿರುಗಿ ನೋಡಿದರೆ ಮುಂದಿನ ಸಾಲಿನಲ್ಲಿ ಅಕ್ಕನ ಕುರ್ಚಿ ಖಾಲಿ. ಅತಿಥಿಗಳು ಬಂದದ್ದು ಒಂದೂಕಾಲಿಗೆ. ಅವರು ಗುಳ್ಳಕಾಯಜ್ಜಿಯ ಕಥೆ ಹೇಳಿದರು. ನಮ್ಮೂರಿನಲ್ಲಿ ಮಾತಾಡುವ ಹೊರಗಿನವರೆಲ್ಲರೂ ಅದನ್ನೇ ಹೇಳುತ್ತಾರೆ, ನಮಗೆ ಗೊತ್ತಿಲ್ಲವೇನೋ ಎಂಬಂತೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ತೊಡೆ ದಾಟಿ ಇಳಿಯಲಿಲ್ಲ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಪಾದ ಮುಟ್ಟಿ ಹರಿಯಿತು, ಸಣ್ಣವರನ್ನು ಸಣ್ಣವರೆನ್ನಬೇಡಿ. ಅಷ್ಟು ಹೊತ್ತಿಗೆ ನಮ್ಮ ಅಜ್ಜಿಯನ್ನು ಕರೆತರಲು ಖಜಾಂಚಿ ಸ್ಕೂಟರಿನಲ್ಲಿ ಬೆಟ್ಟದ ಕಡೆ ಓಡಿದ್ದರು.

ಅಕ್ಕ ಬಂದಳು. ತುರುಬಿನ ಮೇಲೆ ಪೇಟ ಕೂರಲಿಲ್ಲ, ಒಬ್ಬರು ಹಿಂದಿನಿಂದ ಹಿಡಿದುಕೊಂಡರು, ಫೋಟೋದಲ್ಲಿ ಆ ಕೈ ಬಂದಿದೆ. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅಕ್ಕ ಗಂಟಲು ಸರಿಮಾಡಿಕೊಂಡು, “ಬೆಳಿಗ್ಗೆ ಎಂಟ್ರೊಳಗೆ ಹತ್ತಿ ಇಳಿದ್ರೆ ಕಾಲುಚೀಲ ಬೇಕಾಗಕಿಲ್ಲ. ಆಮ್ಯಾಕಾದ್ರೆ ನಾನಿರ್ತೀನಿ” ಅಂದು ಕೆಳಗಿಳಿದಳು. ಅವತ್ತಿನ ಭಾಷಣಗಳಲ್ಲಿ ಚಪ್ಪಾಳೆ ಬಿದ್ದದ್ದು ಅದಕ್ಕೊಂದಕ್ಕೇ.

ಊಟವಾದ ಮೇಲೆ ಅತಿಥಿಗಳಿಗೆ ಬೆಟ್ಟ ಹತ್ತುವ ಮನಸ್ಸಾಯಿತು. ಎರಡೂವರೆಯ ಬಿಸಿಲು. ಬೂಟು ಬಿಚ್ಚಿ, ದಾರಿಯಲ್ಲಿ ಒದ್ದೆಯಾಗಿದ್ದ ಕಾಲುಚೀಲವನ್ನೂ ಕಾರಿನಲ್ಲೇ ಬಿಟ್ಟು ಹೊರಟರು. ಆರೋ ಏಳೋ ಮೆಟ್ಟಿಲು ಹತ್ತಿರಬೇಕು, ಗೌರವಕ್ಕೆ ಧಕ್ಕೆಯಾಗದಷ್ಟು ಮೆಲ್ಲಗೆ ಕುಣಿಯುತ್ತಾ ಇಳಿದು ಬಂದರು. ಛತ್ರಿಯ ಕೆಳಗೆ ಅಕ್ಕ, ಕೊರಳಲ್ಲಿ ಅವರೇ ಹಾಕಿದ್ದ ಹಾರ. ಕಾಲು ನೋಡಿಯೇ ಅಳತೆ ಹೇಳಿ ಒಂದು ಜೊತೆ ತೆಗೆದುಕೊಟ್ಟಳು.

“ಮೂವತ್ತು.”

ಜೊತೆಗಿದ್ದವರೊಬ್ಬರು, “ಸಾಹೇಬ್ರ ಹತ್ರಾನೂ ದುಡ್ಡು ಕೇಳ್ತೀಯಲ್ಲಮ್ಮ! ಈಗ ತಾನೇ ನಿನಗೆ ಪ್ರಶಸ್ತಿ ಕೊಟ್ಟಿದ್ದಾರೆ” ಎಂದು ಗದರಿದರು.

“ಅದು ಅವ್ರು ಕೊಟ್ಟಿದ್ದು. ಇದು ನಾನು ಕೊಡ್ತಿರಾದು” ಎಂದು ಅಕ್ಕ ಕ್ಯೂಆರ್ ಕೋಡಿನ ರಟ್ಟನ್ನು ಅವರ ಕಡೆ ತಿರುಗಿಸಿದಳು.

ಒಂದು ತಿಂಗಳು ಬಿಟ್ಟು ಆ ಕಡೆ ಹೋಗಿದ್ದೆ. ನೆನಪಿನ ಕಾಣಿಕೆ, ಅಂದರೆ ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ಗೇಣಿನ ಗೊಮ್ಮಟ, ಕಾಲುಚೀಲಗಳ ಸಾಲಿನ ಮೇಲೆ ನಿಂತಿತ್ತು.

“ಇಲ್ಲಿಟ್ಟಿದ್ದೀಯಲ್ಲಕ್ಕ?”

“ಗಾಳಿಗೆ ಒಳ್ಳೇದಾಯ್ತು ಮೇಷ್ಟ್ರೆ, ಒಂದೂ ಹಾರಕಿಲ್ಲ.” ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಮೊನ್ನೆ ಬಸ್ಸಲ್ಲಿ ಬಂದಿದ್ ಒಬ್ರು ಇದ್ಕೆ ಮುನ್ನೂರು ಕೊಡ್ತೀನಿ ಅಂದ್ರು. ಮುಂದಿನ ವರ್ಸಕ್ಕೆ ಮಾಡ್ಸುವಾಗ ನಂಗೊಂದು ಡಜನ್ ಜಾಸ್ತಿ ಮಾಡ್ಸಿಕೊಡಿ.”

“ಅಲ್ಲಕ್ಕ, ಅದರ ಮೇಲೆ ನಿನ್ನ ಹೆಸರು ಹಾಕಿಸಿದ್ದೀವಲ್ಲ!”

“ಅದು ಸ್ಟಿಕ್ಕರ್ರು ಬುಡಿ” ಅಂದಳು ಅಕ್ಕ, “ಉಗುರಲ್ಲಿ ಕೆರೆದು ನೋಡಿವ್ನಿ. ಬಂದ್ಬುಡ್ತದೆ.”