ಟಿಯರ್ಸ್ ಫಾರ್ ಫಿಯರ್ಸ್ ಆಲ್ಬಂ ತಾರತಮ್ಯ ನಿರ್ಣಯ

ಯಾವ ಆಲ್ಬಂ ಮೇಲು, ಯಾವುದು ಕೀಳು ಎಂಬ ವಿವಾದ ಇಂದಿಗೂ ದೊಡ್ಡ ಗಂಟಲಿನವನ ಪರವಾಗಿಯೇ ಇತ್ಯರ್ಥವಾಗುತ್ತಿದೆ. ಶಾಸ್ತ್ರಕ್ಕೆ ಇದು ಶೋಭೆಯಲ್ಲ. ಆದ್ದರಿಂದ ಇಂಗ್ಲೆಂಡಿನ ಬಾತ್ ಪಟ್ಟಣದ ಟಿಯರ್ಸ್ ಫಾರ್ ಫಿಯರ್ಸ್ ಬ್ಯಾಂಡಿನ ಏಳು ಆಲ್ಬಂಗಳ ತಾರತಮ್ಯವನ್ನು ಇಲ್ಲಿ ನಿಷ್ಪಕ್ಷಪಾತವಾಗಿ ನಿರ್ಣಯಿಸಲಾಗುವುದು. ಮೊದಲ ಸ್ಥಾನ ‘ದ ಸೀಡ್ಸ್ ಆಫ್ ಲವ್’ಗೆ ಎಂದು ಗ್ರಂಥಕರ್ತನು ಆಗಲೇ ನಿಶ್ಚಯಿಸಿಯಾಗಿದೆ, ಉಳಿದಿರುವುದು ಪ್ರಮಾಣ ಹುಡುಕುವ ಕೆಲಸ ಮಾತ್ರ.

ಮೂಲಸೂತ್ರ ಹೀಗಿದೆ: ಆಲ್ಬಮ್ಮಿನ ಗುಣ ರೋಲಂಡ್ ಓರ್ಜಬಾಲ್ ಮತ್ತು ಕರ್ಟ್ ಸ್ಮಿತ್ ಎಂಬ ಹಳೆಯ ಗೆಳೆಯರ ಮುನಿಸಿಗೆ ಅಧೀನ. ಮುನಿಸು ಹದವಾಗಿದ್ದರೆ ಹಾಡು; ಹೆಚ್ಚಾದರೆ ಸ್ಟುಡಿಯೋ ಬಾಡಿಗೆ; ತುಂಬಿ ತುಳುಕಿದರೆ ಒಬ್ಬನೇ ಇಬ್ಬರ ಬ್ಯಾಂಡು.

1983ರ ‘ದ ಹರ್ಟಿಂಗ್’ನಲ್ಲಿ ಇಬ್ಬರಿಗೂ ಮುನಿಸಿದ್ದದ್ದು ಬಾಲ್ಯದ ಮೇಲೆ. ಎಳೆತನದ ನೋವನ್ನು ಅರಚಿ ಹೊರಹಾಕಬೇಕೆಂದ ಆರ್ಥರ್ ಜಾನೊವ್‌ರನ್ನು ಓದಿ, ಬ್ಯಾಂಡಿನ ಹೆಸರನ್ನೂ ಆ ವಿಚಾರದಿಂದಲೇ ಪಡೆದು, ಕಡೆಗೆ ಸಿಂಥಸೈಜರ್ ಹಿಡಿದು ಮೆಲುದನಿಯಲ್ಲಿ ಹಾಡಿದರು. ಔಷಧ ಸೇವನೆ ಆದದ್ದು ‘ಸಾಂಗ್ಸ್ ಫ್ರಮ್ ದ ಬಿಗ್ ಚೇರ್’ನಲ್ಲಿ, ‘ಶೌಟ್’ ಹಾಡಿನ ಮೂಲಕ. 1985ರಲ್ಲಿ ಅದೂ ‘ಎವ್ರಿಬಡಿ ವಾಂಟ್ಸ್ ಟು ರೂಲ್ ದ ವರ್ಲ್ಡ್’ ಹಾಡೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದವು. ಈ ಎರಡನೆಯದು ಕೊನೆಗಳಿಗೆಯಲ್ಲಿ ಸೇರಿದ ಹಾಡು, ಓರ್ಜಬಾಲರಿಗೆ ಮೊದಲಿಗೆ ಅಷ್ಟೇನೂ ರುಚಿಸಿರಲಿಲ್ಲ. ಕರ್ತೃವಿನ ಅನಾದರವೇ ಕೃತಿಯ ಶ್ರೇಯಸ್ಸಿಗೆ ಕಾರಣವೆಂಬ ಉಪಸೂತ್ರ ಇಲ್ಲಿಂದ ಹೊರಡುತ್ತದೆ. ಈ ನಿಬಂಧದ ವಿಷಯದಲ್ಲೂ ಅದು ಫಲಿಸಲಿ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಹದವಾದ ಮುನಿಸು, ಎಂಟೇ ಹಾಡು, ಎರಡು ಮೊದಲ ಸ್ಥಾನ: ನಿಮ್ಮ ಸೂತ್ರದಂತೆ ‘ಬಿಗ್ ಚೇರ್’ ತಾನೇ ಶ್ರೇಷ್ಠ?

ಹೌದು. ಅದಕ್ಕೇ ಅಪವಾದಸೂತ್ರ. 1989ರ ‘ಸೀಡ್ಸ್ ಆಫ್ ಲವ್’ನಲ್ಲೂ ಎಂಟೇ ಹಾಡು, ಖರ್ಚು ಮಾತ್ರ ಹತ್ತು ಲಕ್ಷ ಪೌಂಡ್ ಮೀರಿತೆಂದು ಪ್ರತೀತಿ. ಹಾಡಿಗೆ ಒಂದೂಕಾಲು ಲಕ್ಷಕ್ಕೂ ಮೇಲೆ ಬಿತ್ತು. ನಿರ್ಮಾಪಕರು ಬದಲಾದರು, ಮುದ್ರಿಸಿದ್ದನ್ನು ಮತ್ತೆ ಮುದ್ರಿಸಿದರು, ಸ್ಮಿತ್ ಮುಖ್ಯ ಗಾಯಕನಾಗಿ ಹಾಡಿದ್ದು ಒಂದೇ ಹಾಡು. ಆದರೆ ಇವರು 1985ರ ಪ್ರವಾಸದಲ್ಲಿ ಕಾನ್ಸಾಸ್ ಸಿಟಿಯ ಹೋಟೆಲ್ ಬಾರಿನಲ್ಲಿ ಒಲೀಟಾ ಆಡಮ್ಸ್ ಎಂಬಾಕೆಯ ಹಾಡು ಕೇಳಿದ್ದರು. ಎರಡು ವರ್ಷ ಕಳೆದ ಮೇಲೆ ಹುಡುಕಿ ಕರೆಸಿದರು. ‘ವುಮನ್ ಇನ್ ಚೈನ್ಸ್’ನಲ್ಲಿ ಆಕೆಯ ದನಿ ಏಳುವ ಹೊತ್ತಿಗೆ, ಫಿಲ್ ಕಾಲಿನ್ಸ್ ಡ್ರಮ್ಸ್‌ಗೆ ಇಳಿಯುವ ಹೊತ್ತಿಗೆ, ಲೆಕ್ಕ ಕೇಳುವವರ ಬಾಯಿ ಕಟ್ಟುತ್ತದೆ. ಪೂರ್ವಪಕ್ಷಿ ಇನ್ನೂ ನಿಂತೇ ಇದ್ದಾನೆ, ಕುಳಿತುಕೊಳ್ಳಬಹುದು.

ಆಮೇಲೆ ಸ್ಮಿತ್ ಹೊರಟುಹೋದರು. 1993ರ ‘ಎಲಿಮೆಂಟಲ್’ನಲ್ಲಿ ಓರ್ಜಬಾಲ್ ‘ಫಿಶ್ ಔಟ್ ಆಫ್ ವಾಟರ್’ ಎಂಬ ಖಂಡನೆಯನ್ನು ಹಾಡಿದರು. ಸ್ಮಿತ್ ಮೇಫೀಲ್ಡ್ ಎಂಬ ತಮ್ಮ ಹೊಸ ಬ್ಯಾಂಡಿನಲ್ಲಿ ‘ಸನ್ ಕಿಂಗ್’ ಎಂಬ ಪ್ರತಿಖಂಡನೆ ರಚಿಸಿದರು. ವಾಕ್ಯಾರ್ಥ ಗೋಷ್ಠಿಯ ಈ ಶಿಸ್ತಿಗಾಗಿ ‘ಎಲಿಮೆಂಟಲ್’ಗೆ ಐದನೆಯ ಸ್ಥಾನ. ‘ಬಿಗ್ ಚೇರ್’ಗೆ ಎರಡನೆಯದು, ‘ಹರ್ಟಿಂಗ್’ಗೆ ಮೂರನೆಯದು. ‘ಎವ್ರಿಬಡಿ ಲವ್ಸ್ ಎ ಹ್ಯಾಪಿ ಎಂಡಿಂಗ್’ ಎಂದು ರಾಜಿಯಾಗಿ 2004ರಲ್ಲಿ ಹಾಡಿದ ಗೆಳೆಯರು 2022ರವರೆಗೆ ಇನ್ನೊಂದು ಆಲ್ಬಂ ತರಲಿಲ್ಲ. ಮುನಿಸಿಲ್ಲದ ಅಪಾಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ, ಆರನೆಯದು. ಓರ್ಜಬಾಲರು ಪತ್ನಿಯನ್ನು ಕಳೆದುಕೊಂಡ ಮೇಲೆ ಬಂದ ‘ದ ಟಿಪ್ಪಿಂಗ್ ಪಾಯಿಂಟ್’ ಎದುರು ಸೂತ್ರ ನಡೆಯುವುದಿಲ್ಲ. ಅದು ನಾಲ್ಕನೆಯದು, ವಾದವಿಲ್ಲದೆ.

ಉಳಿದದ್ದು 1995ರ ‘ರೌಲ್ ಅಂಡ್ ದ ಕಿಂಗ್ಸ್ ಆಫ್ ಸ್ಪೇನ್’. ಇದರ ಏಳನೆಯ ಸ್ಥಾನದ ಬಗ್ಗೆ ಉಭಯಪಕ್ಷಗಳಲ್ಲೂ ಭಿನ್ನಮತವಿಲ್ಲ, ಏಕೆಂದರೆ ಪೂರ್ತಿ ಕೇಳಿದ ವಾದಿಯಾಗಲಿ ಪ್ರತಿವಾದಿಯಾಗಲಿ ಇದುವರೆಗೆ ಸಿಕ್ಕಿಲ್ಲ.