ಅರ್ಧ ಕಪ್ಪಿನ ಲೆಕ್ಕ

ಧಾರವಾಡದ ಕಡೆ ಚಹಾ ಬೇಡವೆನ್ನಲು ಸರಿಯಾದ ಕಾರಣವೇ ಸಿಗುವುದಿಲ್ಲ. ಉಪವಾಸಕ್ಕೆ ಚಹಾ ನಡೆಯುತ್ತದೆ, ಜ್ವರಕ್ಕೆ ನಡೆಯುತ್ತದೆ, ಬಿರುಬಿಸಿಲಿಗಂತೂ ಬೇಕೇ ಬೇಕು. ಗಿರ್ಮಿಟ್ ತಿಂದವರಿಗೆ ಖಾರ ಇಳಿಸಲು ಚಹಾ, ಪೇಡೆ ತಿಂದವರಿಗೆ ಸಿಹಿ ಇಳಿಸಲು ಅದಕ್ಕಿಂತ ಸಿಹಿಯಾದ ಚಹಾ. ಇಂಥ ಊರಿನಲ್ಲಿ ಬಸುರಿಯೊಬ್ಬಳು ‘ಸಾಕ್ರಿ’ ಎಂದರೆ ಯಾರು ಕೇಳುತ್ತಾರೆ? ‘ಅರ್ಧಾ ಕಪ್ ತಗೋವಾ, ಏನಾಗಂಗಿಲ್ಲ’ ಎನ್ನುತ್ತಾರೆ. ಅರ್ಧ ಕಪ್ಪು ನಮ್ಮಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನನ್ನ ಡಾಕ್ಟರು ಒಳ್ಳೆಯವರು, ಚಹಾ ಬಿಡು ಎನ್ನಲಿಲ್ಲ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ದಾಟಬೇಡ ಎಂದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಪ್ರಕಾರ ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಭಾಗಿಸಿ ನೋಡಿದರೆ ಮೂರು ಕಪ್ ನಿಶ್ಚಿಂತೆ. ಡಾಕ್ಟರು ಮಾತ್ರ ಎರಡಕ್ಕೇ ನಿಲ್ಲಿಸಿದರು. ‘ನಿಮ್ಮ ಮನಿ ಚಹಾ ನನಗ ಗೊತ್ತದ. ಕುದಿಸಿ ಕುದಿಸಿ ಪುಡಿ ಜೀವಾನ ತಗೀತೀರಿ.’ ತಾಯಿ ಕುಡಿದ ಕೆಫೀನ್ ಮಾಸು ದಾಟಿ ಕೂಸಿಗೂ ತಲುಪುತ್ತದಂತೆ, ಅದನ್ನು ಅರಗಿಸಿಕೊಳ್ಳುವ ಶಕ್ತಿ ಕೂಸಿಗೆ ಇನ್ನೂ ಬಂದಿರುವುದಿಲ್ಲವಂತೆ. ಅತಿಯಾದರೆ ಕೂಸಿನ ತೂಕ ಕಡಿಮೆಯಾಗುವ ಭಯ.

ಎರಡು ಕಪ್, ಸರಿ. ಆದರೆ ಯಾವ ಕಪ್? ನನ್ನ ಗಂಡ ಕೆಮ್ಮಿನ ಔಷಧದ 10 ಮಿಲಿ ಮುಚ್ಚಳ ಹಿಡಿದು ಕಟ್ಟೆಯ ಮುಂದೆ ನಿಂತು ನೀರು ಹೊಯ್ದು ಅಳೆದರು. ಬಸಿಯ ಜೊತೆಗಿನ ಕಪ್ಪು 100 ಮಿಲಿಗೆ ತುಂಬಿತು. ಅತ್ತೆಯವರು ‘ಕಪ್’ ಎಂದು ಕರೆಯುವ ಸ್ಟೀಲ್ ಗ್ಲಾಸು 200 ದಾಟಿದ ಮೇಲೂ ಬಾಯಿ ತೆರೆದೇ ಇತ್ತು.

ಅಷ್ಟರಲ್ಲಿ ಗಂಡನ ಆಯಿ ತಮ್ಮ ವಿಜ್ಞಾನ ತೆಗೆದರು. ‘ಚಹಾ ಕುಡದ್ರ ಕೂಸು ಕರ್ರಗ ಹುಟ್ಟತೈತಿ.’

‘ಹಂಗಾರ ಮಾವಾರು ಹೊಟ್ಟ್ಯಾಗಿದ್ದಾಗ ನೀವು ಎಷ್ಟ್ ಕಪ್ ಕುಡದಿದ್ರಿ, ಆಯಿ?’

‘ನಾ ಬರೇ ಹಾಲು ಕುಡದಾಕಿ. ಅಂವಾ ಹೊಲದಾಗ ಬಿಸಲಿಗೆ ಕರ್ರಗಾದ’ ಎಂದು ಬಸಿಯಲ್ಲಿದ್ದ ಚಹಾವನ್ನು ಸೊರ್ ಎಂದು ಹೀರಿದರು. ಕೂಸಿನ ಬಣ್ಣ ಅಪ್ಪ-ಅವ್ವನಿಂದ ಬರುವ ಆಸ್ತಿ, ಚಹಾಕ್ಕೆ ಅದರಲ್ಲಿ ಪಾಲಿಲ್ಲ. ಆದರೆ ಅದನ್ನು ಆಯಿಗೆ ಹೇಳುವವರು ಯಾರು?

ಸಂಜೆಯ ಚಹಾ ಏಳನೇ ತಿಂಗಳಿನಿಂದ ತಾನಾಗಿಯೇ ತಪ್ಪಿತು. ಬೇರೆ ದಿನಗಳಲ್ಲಿ ಐದಾರು ತಾಸಿಗೆ ಅರ್ಧ ಇಳಿಯುವ ಕೆಫೀನ್, ಬಸುರಿನ ಕೊನೆಯ ತಿಂಗಳುಗಳಲ್ಲಿ 15 ತಾಸಾದರೂ ಮೈ ಬಿಡುವುದಿಲ್ಲ. ನಡುರಾತ್ರಿ ನಾನೂ ಎಚ್ಚರ, ಒಳಗಿನವರೂ ಎಚ್ಚರ. ಔಷಧದ ಮುಚ್ಚಳದವರು ಮಾತ್ರ ಗೊರಕೆ.

ಗುಳಿಗೆಯದು ಇನ್ನೊಂದು ಕತೆ. ಕಬ್ಬಿಣಾಂಶದ ಕೆಂಪು ಗುಳಿಗೆಯನ್ನು ಅತ್ತೆ ಪ್ರೀತಿಯಿಂದ ಚಹಾದ ಜೊತೆಗೇ ಕೊಡುತ್ತಿದ್ದರು. ಚಹಾದ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಅಷ್ಟೇ, ಹಿಂದೆ ಮುಂದೆ ಒಂದೊಂದು ತಾಸು ಚಹಾ ಬೇಡ ಎನ್ನುತ್ತದೆ ಅದೇ ಸಂಸ್ಥೆ. ಗುಳಿಗೆಗೆ ಲಿಂಬೆಹಣ್ಣಿನ ನೀರು ಗೊತ್ತಾಯಿತು.

ಇಷ್ಟೆಲ್ಲ ಆದರೂ ಸಕ್ಕರೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಪ್ಪಿಗೆ ಎರಡು ಚಮಚ ಎಂದರೆ ಸುಮಾರು 10 ಗ್ರಾಂ. ಇಡೀ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳಿತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕುಬಸದ ಕರೆಗೆಂದು ಐದು ಮನೆ ಹೊಕ್ಕರೆ ಸಾಕು, ಅರ್ಧರ್ಧ ಕಪ್ಪಿನಲ್ಲೇ ಅದು ಮುಗಿದುಹೋಗುತ್ತದೆ. ದವಾಖಾನೆಯಲ್ಲಿ ಸಕ್ಕರೆ ತಪಾಸಣೆಗೆ 75 ಗ್ರಾಂ ಗ್ಲೂಕೋಸ್ ಕಲಸಿದ ನೀರು ಕುಡಿಸಿದರು. ಹುಬ್ಬಳ್ಳಿಯ ಕಾಕು ಮಾಡುವ ಚಹಾದಿಂದ ಚಹಾಪುಡಿ ತೆಗೆದಂತಿತ್ತು. ಎರಡು ತಾಸಿನ ನಂತರ 140 ಮುಟ್ಟಿದರೆ ಬಸುರಿನ ಸಕ್ಕರೆ ಕಾಯಿಲೆ. ನನ್ನದು 136.

‘ಬೆಲ್ಲದ ಚಹಾ ಕುಡೀಲಿ ಬಿಡ್ರಿ’ ಎಂದರು ಕಾಕು. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ ಎಂದು ಡಾಕ್ಟರು ಅದಕ್ಕೂ ಕಲ್ಲು ಹಾಕಿದರು. ಒಬ್ಬಳಿಗಾಗಿ ಬೇರೆ ಪಾತ್ರೆ ಇಡುವುದು ಅತ್ತೆಗೆ ಒಗ್ಗಲಿಲ್ಲ. ಮರುದಿನದಿಂದ ಇಡೀ ಮನೆಗೆ ಕಪ್ಪಿಗೆ ಅರ್ಧ ಚಮಚ ಎಂದು ಹುಕುಂ ಹೊರಟಿತು.

ಮಾವನವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಯಾವ ಡಾಕ್ಟರರಿಂದಲೂ ಆಗದ ಪಥ್ಯ ನನ್ನ ಬಸುರಿನಿಂದ ಆಯಿತು. ಮೊದಲ ಗುಟುಕಿಗೇ ಮುಖ ಹಿಂಡಿ, ನನ್ನ ಹೊಟ್ಟೆಯ ಕಡೆ ನೋಡಿ, ‘ಡೇಟ್ ಎಂದೈತವಾ?’ ಎಂದರು. ಅವತ್ತಿನಿಂದ ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ಮೊಮ್ಮಗುವಿನ ಮೇಲೆ ಎಷ್ಟು ಹಂಬಲ ನೋಡ್ರಿ ಎಂದು ಓಣಿಯವರೆಲ್ಲ ಮೆಚ್ಚಿಕೊಂಡರು. ಅತ್ತೆ ಮಾತ್ರ ಏನೂ ಅನ್ನದೆ ಸಕ್ಕರೆ ಡಬ್ಬಿಯನ್ನು ಅವರ ಕೈಗೆ ಸಿಗದಂತೆ ಅಟ್ಟಕ್ಕೇರಿಸಿದರು.